ಭೈರನಿಗೆ ಬೊಲೆರೋ ಹತ್ತೋ ರ‍್ಯಾಂಪ್: ಎರಡು ಸಲ ಬಿಚ್ಚಿ ಮೂರನೇ ಸಲ ನಿಂತಿದ್ದು

ಭೈರ ನಮ್ಮನೆ ಜರ್ಮನ್ ಶೆಫರ್ಡ್. ಏಳು ವರ್ಷ, ತೂಕ 38 ಕೆ.ಜಿ. ಗೇಟ್ ಹತ್ರ ಬಂದೋರು ಅವನನ್ನ ನೋಡಿ ಎರಡು ಹೆಜ್ಜೆ ಹಿಂದೆ ಹೋಗ್ತಾರೆ, ಆದ್ರೆ ಪಕ್ಕದ ಮನೆ ಕುಕ್ಕರ್ ವಿಷಲ್ ಹೊಡೆದ್ರೆ ಎದ್ದು ಅಡುಗೆ ಮನೆಗೆ ಬಂದು ಅಮ್ಮನ ಕಾಲಿಗೆ ಒರಗಿ ನಿಂತ್ಕೊಳ್ತಾನೆ, ದೀಪಾವಳಿ ಮೂರು ದಿನ ಬಚ್ಚಲು ಮನೆ ಬಿಟ್ಟು ಆಚೆ ಬರಲ್ಲ. ಹೋದ ವರ್ಷದವರೆಗೂ ಬೊಲೆರೋ ಹಿಂದಿನ ಬಾಗಿಲು ತೆಗೆದ್ರೆ ಸಾಕು, ಒಂದೇ ನೆಗೆತಕ್ಕೆ ಒಳಗಿರ್ತಿದ್ದ. ಈ ಜನವರಿಯಿಂದ ಮುಂಗಾಲು ಎರಡೂ ಮೇಲಿಟ್ಟು, ಹಿಂಗಾಲು ಎತ್ತೋಕಾಗ್ದೆ, ತಿರುಗಿ ನನ್ನ ಮುಖ ನೋಡೋಕೆ ಶುರು ಮಾಡ್ದ.

ಡಾಕ್ಟ್ರು ಸೊಂಟ ಒತ್ತಿ ಕಾಲು ಹಿಂದಕ್ಕೆ ಎಳೆದು ನೋಡಿ ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ) ಅನುಮಾನ ಇದೆ, ಈ ಜಾತಿಗೆ ಇದು ಸಾಮಾನ್ಯ, ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆಲಿ ಎಕ್ಸ್‌ರೇ ತೆಗೆಸಿಬಿಡಿ ಅಂದ್ರು. ಜೊತೆಗೆ ಇನ್ಮೇಲೆ ಗಾಡಿಗೆ ನೆಗೆಯೋದು, ಗಾಡಿಯಿಂದ ಧುಮುಕೋದು ಎರಡೂ ಬಂದ್ ಅಂತ ಹೇಳಿದ್ರು. ನಾವಿರೋದು ತುಮಕೂರು. ಎತ್ತಿ ಕೂರಿಸೋಣ ಅಂತ ಒಂದ್ ದಿನ ನಾನು ಎದೆ ಕೆಳಗೆ, ತಮ್ಮ ಸೊಂಟದ ಕೆಳಗೆ ಕೈ ಕೊಟ್ಟು ಎತ್ತಿದ್ವಿ, ನೆಲದಿಂದ ಒಂದಡಿ ಮೇಲೆ ಬಂದಿಲ್ಲ ಅವನು ನಡುಗೋಕೆ ಶುರು ಮಾಡ್ದ, ಅಲ್ಲೇ ಉಚ್ಚೆ ಹೊಯ್ಕೊಂಡ, ಯಾವತ್ತೂ ಗುರ್ ಅನ್ನದವನು ತಮ್ಮನ ಕಡೆ ತಿರುಗಿ ಗುರ್ ಅಂದ. ನೋವಾಗಿರ್ಬೇಕು ಪಾಪ. ಅವತ್ತೇ ಇಳಿಸಿಬಿಟ್ವಿ. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದ್ರೆ ಮಾತ್ರೆ ನಡೀತಾ ಇರಲಿ, ಎಕ್ಸ್‌ರೇಗೆ ಅಷ್ಟು ಅವಸರ ಇಲ್ಲ, ಹೆದರಿಸಿ ಕರ್ಕೊಂಡು ಹೋಗೋದಕ್ಕಿಂತ ಒಂದೆರಡು ತಿಂಗಳು ತಡ ಆದ್ರೂ ಚಿಂತೆ ಇಲ್ಲ ಅಂದ್ರು. ಹಂಗಾಗಿ ರ‍್ಯಾಂಪ್ ಮಾಡೋದು ಅಂತ ತೀರ್ಮಾನ ಆಯ್ತು.

ಮೊದಲು ಅಳತೆ. ನಮ್ಮ ಗಾಡಿ ಸಮತಟ್ಟು ಜಾಗದಲ್ಲಿ ನಿಂತಾಗ ಹಿಂದಿನ ಬಾಗಿಲ ಹೊಸ್ತಿಲು ನೆಲದಿಂದ 29 ಇಂಚು. ಐದಡಿ ಹಲಗೆ ಇಟ್ರೆ ಇಳಿಜಾರು ಸುಮಾರು 29 ಡಿಗ್ರಿ ಬರುತ್ತೆ, ಆರಡಿಗೆ 24, ಏಳಡಿಗೆ 20, ಎಂಟಡಿಗೆ 17-18. ಸೊಂಟ ಸರಿ ಇರೋ ನಾಯಿ 25 ಡಿಗ್ರಿನೂ ಹತ್ತಬಹುದೇನೋ, ಇವನಿಗೆ ಹತ್ತೋವಾಗ ಪೂರ್ತಿ ತಳ್ಳೋದು ಅದೇ ನೋವಿರೋ ಹಿಂಗಾಲು, ಅದಕ್ಕೆ 20ರ ಆಸುಪಾಸಲ್ಲೇ ಇರಬೇಕು ಅಂತ ಗಟ್ಟಿ ಮಾಡ್ಕೊಂಡೆ. ಅಂಗಡಿಲಿ ನೋಡಿದ ರೆಡಿಮೇಡ್ ರ‍್ಯಾಂಪ್ ಒಂದು ಐದಡಿ ಉದ್ದ, 15 ಇಂಚ್ ಅಗಲ ಇತ್ತು. ಭೈರ ನಿಂತ್ಕೊಂಡಾಗ ಅವನ ಎರಡೂ ಹಿಂಗಾಲಿನ ಹೊರ ಅಂಚು ಅಳೆದ್ರೆ 11 ಇಂಚು, ನಡಿಯೋವಾಗ ಸೊಂಟ ಓಲಾಡೋದು ಬೇರೆ, 15 ಇಂಚಲ್ಲಿ ಅವನು ಹಗ್ಗದ ಮೇಲೆ ನಡೆದ ಹಾಗಾಗುತ್ತೆ. ಅದು ಬೇಡ ಅಂತ ಬಿಟ್ಟೆ.

ಫೆಬ್ರವರಿ ಮೊದಲ ಭಾನುವಾರ ಮೊದಲನೇ ರ‍್ಯಾಂಪ್. 12 ಎಂಎಂ ಪ್ಲೈವುಡ್, 8 ಅಡಿ ಉದ್ದ 20 ಇಂಚ್ ಅಗಲಕ್ಕೆ ಕೊಯ್ಸಿ, ಮೇಲೆ ಹಳೇ ಕಾರ್ಪೆಟ್ ಅಂಟಿಸಿ, ತುದಿನ ಬಂಪರ್ ಮೇಲೆ ಒರಗಿಸಿ ಇಟ್ಟೆ. ಕೆಳಗೆ ಫ್ರೇಮ್ ಇಲ್ಲ, ಮೇಲೆ ಕೊಂಡಿ ಇಲ್ಲ. ನಾನು ಹತ್ತಿ ನೋಡಿದ್ದೆ, ಮಧ್ಯದಲ್ಲಿ ಬಗ್ಗಿತು, ಮುರೀಲಿಲ್ಲ, ಸಾಕು ಅನ್ಕೊಂಡೆ. ಭೈರನ ಬೆಲ್ಟ್ ಹಿಡ್ಕೊಂಡು ಬಾ ಬಾ ಅಂತ ಕರೆದೆ, ಬಿಸ್ಕೆಟ್ ತೋರಿಸಿದೆ, ಪಾಪ ನಂಬ್ಕೊಂಡು ಬಂದ, ಮೂರಡಿ ಬಂದವನ ಕಾಲಡಿ ಹಲಗೆ ತೂಗಿತು, ಅವನು ಗಾಬರಿಯಾಗಿ ಹಿಂದಕ್ಕೆ ಒದ್ದ, ಆ ಒದೆತಕ್ಕೆ ಮೇಲಿನ ತುದಿ ಬಂಪರ್‌ನಿಂದ ಜಾರಿ ಕಾಂಕ್ರೀಟ್ ಮೇಲೆ ಢಬ್ ಅಂತ ಬಿತ್ತು. ಅವನಿಗೆ ಪೆಟ್ಟಾಗಲಿಲ್ಲ, ದೇವರು ದೊಡ್ಡೋನು. ಆದ್ರೆ ಆ ಶಬ್ದ ಸಾಕಾಯ್ತು. ಸಿಂಟೆಕ್ಸ್ ಟ್ಯಾಂಕ್ ಸ್ಟ್ಯಾಂಡ್ ಕೆಳಗೆ ನುಗ್ಗಿದವನು ಸಂಜೆವರೆಗೂ ಈಚೆ ಬರಲಿಲ್ಲ, ರಾತ್ರಿ ಮುದ್ದೆನೂ ಮುಟ್ಟಲಿಲ್ಲ. ಮಾರನೇ ದಿನದಿಂದ ಬೊಲೆರೋ ಸ್ಟಾರ್ಟ್ ಮಾಡಿದ್ರೇ ಬಾಲ ಒಳಗೆ. ಅವತ್ತು ನಾನು ಮಾಡಿದ ಹತ್ತು ನಿಮಿಷದ ಅವಸರ ಸರಿ ಮಾಡೋಕೆ ಎರಡು ತಿಂಗಳು ಹಿಡೀತು. ಯಾರಾದ್ರೂ ಇದನ್ನ ಓದಿ ರ‍್ಯಾಂಪ್ ಮಾಡೋರಿದ್ರೆ ದಯವಿಟ್ಟು ಇದೊಂದು ನೆನಪಿಡಿ, ಮೇಲಿನ ತುದಿ ಗಾಡಿಗೆ ಕಚ್ಕೊಳ್ಳೋವರೆಗೂ ನಾಯಿನ ಹತ್ರಕ್ಕೂ ಕರೀಬೇಡಿ.

ಹತ್ತು ದಿನ ಏನೂ ಮಾಡಲಿಲ್ಲ. ಗಾಡಿನ ಸುಮ್ನೆ ಅಂಗಳದಲ್ಲಿ ನಿಲ್ಸಿ, ಬಾಗಿಲು ತೆಗೆದು, ಅವನ ಊಟದ ತಟ್ಟೆನ ದಿನಾ ಒಂದೊಂದಡಿ ಗಾಡಿ ಹತ್ರಕ್ಕೆ ಸರಿಸ್ತಾ ಬಂದೆ, ಅಷ್ಟೇ. ಆ ಹತ್ತು ದಿನದಲ್ಲಿ ಎರಡನೇ ರ‍್ಯಾಂಪ್ ಕೆಲಸ ನಡೀತು.

ಈ ಸಲ ಏಳಡಿ, ಮಧ್ಯದಲ್ಲಿ ಮಡಚೋ ಹಾಗೆ, ಮೂರೂವರೆ ಮೂರೂವರೆ ಅಡಿ ಎರಡು ತುಂಡು, ಮಡಚಿ ಮೇಲಿನ ಕ್ಯಾರಿಯರ್‌ಗೆ ಕಟ್ಟಬಹುದು. ಮಳೆಗೆ ನೆನೆಯೋ ಸಾಮಾನು ಅಂತ ಪ್ಲೈವುಡ್ ಐಎಸ್ 710 ಮಾರ್ಕ್ ಇರೋದು ತಗೊಂಡೆ, ಮರೈನ್ ಪ್ಲೈ ಅಂತ ಕೇಳಿದ್ರೆ ಅದೇ ಕೊಡೋದು, ಹಲಗೆ ಮೇಲಿನ ಸೀಲ್ ನೋಡಿ ತಗೋಬೇಕು. ಕೆಳಗೆ 2 ಇಂಚು 1 ಇಂಚಿನ ಅಲ್ಯೂಮಿನಿಯಂ ಸೆಕ್ಷನ್, ಎರಡೂ ಪಕ್ಕ ಉದ್ದಕ್ಕೆ, ಮಧ್ಯೆ ಮಧ್ಯೆ ಅಡ್ಡಪಟ್ಟಿ. ಸೆಕ್ಷನ್‌ನ 2 ಇಂಚಿನ ಮಗ್ಗುಲು ನಿಂತಿರೋ ಹಾಗೆ ಕೂರಿಸ್ಬೇಕು, ಮಲಗಿಸಿದ್ರೆ ಬಗ್ಗುತ್ತೆ. ಎಲ್ಲಾ ಬೋಲ್ಟ್ ಹಾಕಿ ತಲೆ ಹಲಗೆ ಒಳಗೆ ಹೂತು ಹೋಗೋ ಹಾಗೆ ಗುಳಿ ಕೊರೆದೆ, ನಾಯಿ ಉಗುರಿಗೆ ಯಾವುದೂ ಸಿಗಬಾರ್ದು.

ಹಿಂಜಸ್ ವಿಷ್ಯದಲ್ಲಿ ಎಡವಿದೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಹಿಂಜಸ್‌ನ ಮೇಲ್ಭಾಗಕ್ಕೆ, ಅಂದ್ರೆ ನಾಯಿ ನಡಿಯೋ ಕಡೆ ಹಾಕಿದ್ದೆ, ಪುಸ್ತಕದ ತರ ಮಡಚುತ್ತೆ ಚೆನ್ನಾಗಿರುತ್ತೆ ಅಂತ. ಕಾರ್ಪೆಂಟರ್ ಅಣ್ಣ ಬಂದು ನೋಡಿ ಮಾತಾಡದೆ ಎರಡು ಇಟ್ಟಿಗೆ ಮೇಲೆ ಎರಡು ತುದಿ ಇಟ್ಟು ಮಧ್ಯದಲ್ಲಿ ಕಾಲಿಂದ ಒತ್ತಿದ್ರು, ಸೀದಾ ನೆಲಕ್ಕೆ ಹೋಯ್ತು. ಭಾರ ಬಿದ್ದಾಗ ಹಲಗೆ ಕೆಳಕ್ಕೆ ಬಗ್ಗಬೇಕು, ಬಗ್ಗೋವಾಗ ಸಂದಿನಲ್ಲಿ ಕೆಳಭಾಗ ಬಾಯಿ ಬಿಡುತ್ತೆ, ಮೇಲಿನ ಅಂಚುಗಳು ಒಂದಕ್ಕೊಂದು ಒತ್ಕೊಳ್ತವೆ. ಹಿಂಜಸ್ ಮೇಲಿದ್ರೆ ಕೆಳಗೆ ಬಾಯಿ ಬಿಡೋದನ್ನ ತಡಿಯೋರು ಯಾರೂ ಇಲ್ಲ. ಅದನ್ನೇ ಕೆಳಕ್ಕೆ, ಅಲ್ಯೂಮಿನಿಯಂ ಸೆಕ್ಷನ್‌ನ ತಳಕ್ಕೆ ಹಾಕಿದ್ರೆ, ಎರಡು ತುಂಡಿನ ಮುಖ ಮುಖ ಮೇಲ್ಗಡೆ ಒತ್ಕೊಂಡು ಭಾರ ಬಿದ್ದಷ್ಟೂ ಬಿಗಿ ಆಗುತ್ತೆ. ಮಡಚೋವಾಗ ಕೆಳಭಾಗ ಕೆಳಭಾಗ ಸೇರುತ್ತೆ, ನಡಿಯೋ ಕಡೆ ಹೊರಗೆ ಇರುತ್ತೆ. ಬಿಚ್ಚಿ ತಿರುಗಿಸಿ ಹಾಕಿದೆ, ಸ್ಕ್ರೂ ಬೇಡ ಅಂತ ಅವರೇ ನಟ್ ಬೋಲ್ಟ್ ಹಾಕ್ಸಿದ್ರು, ಯಾಕಂದ್ರೆ ಈಗ ಎಳೆತ ಪೂರ್ತಿ ಹಿಂಜಸ್ ಮೇಲೇ. ಸಂದಿಯ ಗೆರೆ ಮೇಲೆ ಉಗುರು ಸಿಕ್ಕದ ಹಾಗೆ ನಾಲ್ಕಿಂಚಿನ ರಬ್ಬರ್ ಪಟ್ಟಿ, ಒಂದು ಕಡೆ ಮಾತ್ರ ಅಂಟಿಸಿ ಇನ್ನೊಂದು ಕಡೆ ಬಿಟ್ಟಿದ್ದು.

ಮೇಲಿನ ತುದಿಗೆ ವೆಲ್ಡಿಂಗ್ ಅಂಗಡಿಲಿ ಎಂಎಸ್ ಫ್ಲಾಟ್ (ಕಬ್ಬಿಣದ ಪಟ್ಟಿ) ಬಗ್ಗಿಸಿ ಎರಡು ಕೊಕ್ಕೆ ಮಾಡಿಸ್ದೆ, ಬಾಗಿಲ ಹೊಸ್ತಿಲ ಒಳಗಿನ ಅಂಚಿಗೆ ಕಚ್ಚೋ ಹಾಗೆ, ಬಂಪರ್‌ಗೆ ತಾಗದೆ ಮೇಲೆ ಹಾದು ಹೋಗೋ ಹಾಗೆ. ಕೊಕ್ಕೆಗೆ ಹಳೇ ನೀರಿನ ಪೈಪ್ ತೊಡಿಸಿದೆ, ಗಾಡಿ ಪೇಂಟ್ ಉಳೀಲಿ ಅಂತ. ಬೊಲೆರೋ ಹಿಂದಿನ ಬಾಗಿಲು ಮೇಲಕ್ಕೆ ಏಳೋದಲ್ಲ, ಪಕ್ಕಕ್ಕೆ ತೆರಕೊಳ್ಳೋದು, ಸ್ಟೆಪ್ನಿ ಭಾರ ಬೇರೆ ಅದರ ಮೇಲೆ, ಗಾಡಿ ಸ್ವಲ್ಪ ಓರೆ ನಿಂತಿದ್ರೂ ತಾನಾಗೇ ಮುಚ್ಕೊಂಡು ಬರುತ್ತೆ. ನಾಯಿ ಅರ್ಧ ದಾರಿಲಿರೋವಾಗ ಬಾಗಿಲು ಬಂದು ಮೂತಿಗೆ ಬಡಿದ್ರೆ ಕಥೆ ಮುಗೀತು, ಅದಕ್ಕೆ ಬಾಗಿಲನ್ನ ಹಗ್ಗ ಹಾಕಿ ಗೇಟಿಗೆ ಕಟ್ಟೋದನ್ನ ಒಂದ್ ದಿನವೂ ಬಿಟ್ಟಿಲ್ಲ. ಎಲ್ಲಾ ಸೇರಿ ರ‍್ಯಾಂಪ್ ತೂಕ 17 ಕೆ.ಜಿ ಆಯ್ತು, ಒಬ್ಬರೇ ಎತ್ತಬಹುದು.

ಈಗ ಕಲಿಸೋ ಕೆಲಸ. ಮೊದಲ ನಾಲ್ಕು ದಿನ ರ‍್ಯಾಂಪನ್ನ ಅಂಗಳದ ನೆಲದ ಮೇಲೆ ಚಪ್ಪಟೆಯಾಗಿ ಹಾಕಿ, ಕೆಳಗೆ ಹಳೇ ಕಂಬಳಿ ಹಾಸಿ, ಸದ್ದಾಗದ ಹಾಗೆ ಬಿಟ್ಟಿದ್ದೆ. ಕೋಳಿ ಲಿವರ್ ಬೇಯಿಸಿ, ಈರುಳ್ಳಿ ಬೆಳ್ಳುಳ್ಳಿ ಉಪ್ಪು ಯಾವುದೂ ಇಲ್ದೆ (ಈರುಳ್ಳಿ ನಾಯಿಗೆ ವಿಷ, ಮನೆ ಸಾರಿನ ಪೀಸ್ ಕೊಡಬೇಡಿ), ಕಡ್ಲೆಕಾಯಿ ಬೀಜದಷ್ಟು ಚೂರು ಮಾಡಿ ಹಲಗೆ ಮೇಲೆ ಅಲ್ಲಲ್ಲಿ ಇಟ್ಟು ದೂರ ಹೋಗಿ ಕೂರ್ತಿದ್ದೆ. ಬೆಲ್ಟ್ ಇಲ್ಲ, ಬಾ ಅನ್ನೋದಿಲ್ಲ. ಮೊದಲನೇ ದಿನ ಕತ್ತು ನೀಟಿ ಅಂಚಿನಲ್ಲಿದ್ದ ಚೂರು ಮಾತ್ರ ತಿಂದ. ಎರಡನೇ ದಿನ ಒಂದು ಮುಂಗಾಲು. ಅವನು ಹೆಜ್ಜೆ ಇಟ್ಟಿದ್ದನ್ನ ನಾನು ಹತ್ರದಿಂದ ನೋಡ್ದೆ, ಪೂರ್ತಿ ಭಾರ ಹಾಕಲ್ಲ, ಬೆರಳು ಅಗಲಿಸಿ ಇಟ್ಟು, ಸ್ವಲ್ಪ ಒತ್ತಿ, ಕಿವಿ ಹಿಂದಕ್ಕೆ ಮಾಡಿ ಕಾಯ್ತಾನೆ, ನಾವು ಬಾವಿಗೆ ಇಳಿಯೋವಾಗ ಮೆಟ್ಟಿಲ ಕಲ್ಲು ಅಲ್ಲಾಡುತ್ತಾ ಅಂತ ಕಾಲಲ್ಲಿ ನೋಡಲ್ವಾ, ಅದೇ ತರ. ಹಲಗೆ ಏನೂ ಮಾಡಲಿಲ್ಲ ಅಂತ ಗೊತ್ತಾದ ಮೇಲೆ ಎರಡನೇ ಕಾಲು. ನಾಲ್ಕನೇ ದಿನ ನಾಲ್ಕೂ ಕಾಲು ಮೇಲಿಟ್ಟು ಆ ತುದಿಯಿಂದ ಈ ತುದಿಗೆ ನಡೆದ, ಅಮ್ಮ ಬಾಗಿಲಲ್ಲಿ ನಿಂತು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು.

ಆಮೇಲೆ ಒಂದು ತುದಿ ಕೆಳಗೆ ಒಂದು ಇಟ್ಟಿಗೆ. ಆಮೇಲೆ ಮನೆ ಮೆಟ್ಟಿಲು, 6 ಇಂಚು. ಆಮೇಲೆ ಜಗಲಿ, 14 ಇಂಚು. ಬೆಳಿಗ್ಗೆ ಐದು ನಿಮಿಷ ಸಂಜೆ ಐದು ನಿಮಿಷ, ಊಟಕ್ಕೆ ಮುಂಚೆ, ಅಷ್ಟೇ. ಚೆನ್ನಾಗಿ ಮಾಡ್ದ ಅಂತ ಇನ್ನೊಂದ್ ಸಲ ಇನ್ನೊಂದ್ ಸಲ ಅನ್ನೋ ಆಸೆ ಬರುತ್ತೆ, ಅದನ್ನ ತಡ್ಕೋಬೇಕು. ತುಟಿ ನೆಕ್ಕೋದು, ನಿದ್ದೆ ಬರದೇ ಇದ್ರೂ ಆಕಳಿಸೋದು, ಕಣ್ಣ ಬಿಳಿ ಕಾಣೋ ಹಾಗೆ ಓರೆ ನೋಟ, ಒದ್ದೆ ಆಗದೇ ಇದ್ರೂ ಮೈ ಕೊಡವೋದು, ಇಷ್ಟರಲ್ಲಿ ಯಾವುದು ಕಂಡ್ರೂ ಅವತ್ತಿಗೆ ಮುಗಿಸ್ತಿದ್ದೆ. ಕುತ್ತಿಗೆ ಬೆಲ್ಟ್ ಬದಲು ಎದೆಗೆ ಹಾಕೋ ಹಾರ್ನೆಸ್ ತಂದೆ, ಅದೂ ಎಳೆಯೋಕಲ್ಲ, ಜಾರಿದ್ರೆ ಹಿಡ್ಕೊಳ್ಳೋಕೆ.

ಜಗಲಿ ಹಂತದಲ್ಲಿ ಒಂದು ವಾರ ನಿಂತುಬಿಟ್ಟ. ಅರ್ಧ ಬರೋನು, ಸರಿಯಾಗಿ ಸಂದಿ ದಾಟಿ ಒಂದು ಹೆಜ್ಜೆಗೆ ನಿಲ್ಲೋನು, ಹಿಂದಕ್ಕೆ ಸರಿಯೋನು. ದಿನಾ ಅದೇ ಜಾಗ. ತಮ್ಮ ಎತ್ತರಕ್ಕೆ ಹೆದರ್ತಾನೆ ಅಂದ, ಅಮ್ಮ ಹಳೇದು ಮರ್ತಿಲ್ಲ ಅಂದ್ರು, ನಂಗೂ ಹಂಗೇ ಅನ್ನಿಸಿತ್ತು. ಒಂದ್ ದಿನ ಅವನು ಒಳಗೆ ಮಲಗಿದ್ದಾಗ ನಾನೇ ಅಂಗೈ ಮೊಣಕಾಲು ಊರಿ ನಾಯಿ ತರ ನಿಧಾನಕ್ಕೆ ಹತ್ತಿದೆ. ಸಂದಿ ದಾಟಿ ಭಾರ ಹಾಕಿದ ತಕ್ಷಣ ಕೆಳಗೆ ಟಕ್ ಅಂತು. ಕಿವಿಗೆ ಕೇಳಿದ್ದು ಕಮ್ಮಿ, ಅಂಗೈಗೆ ಗೊತ್ತಾಗಿದ್ದು ಜಾಸ್ತಿ. ನಿಂತು ನಡೆದಾಗ ಚಪ್ಪಲಿ ಕಾಲಿಗೆ ಒಂದ್ ಸಲವೂ ಗೊತ್ತಾಗಿರಲಿಲ್ಲ. ಬಗ್ಗಿ ನೋಡಿದ್ರೆ ಮಧ್ಯಕ್ಕೆ ಆಸರೆ ಅಂತ ಕೊಟ್ಟಿದ್ದ ಕಾಲು ನೆಲಕ್ಕಿಂತ ಮೂರು ಎಂಎಂ ಮೇಲಿದೆ, ಭಾರ ಬಿದ್ದಾಗ ಹಲಗೆ ಅಷ್ಟು ಇಳಿದು ಕಾಲು ನೆಲಕ್ಕೆ ಬಡಿಯುತ್ತೆ. 38 ಕೆ.ಜಿ ನಾಯಿಯ ನಾಲ್ಕು ಅಂಗಾಲಿಗೆ ಅದು ಪ್ರತಿ ಸಲ ತಿಳೀತಿತ್ತು. ಅವನು ಏಳು ದಿನದಿಂದ ರ‍್ಯಾಂಪ್‌ನಲ್ಲಿ ಇಲ್ಲಿ ದೋಷ ಇದೆ ಅಂತ ತೋರಿಸ್ತಾ ಇದ್ದ, ನಾನು ಅವನಲ್ಲಿ ದೋಷ ಹುಡುಕ್ತಾ ಇದ್ದೆ. ಅವತ್ತಿಂದ ಅವನು ಎಲ್ಲಿ ನಿಂತ್ರೂ ಮೊದಲು ಆ ಜಾಗಕ್ಕೆ ಕೈ ಇಟ್ಟು ನೋಡೋ ಅಭ್ಯಾಸ ಮಾಡ್ಕೊಂಡೆ.

ಮೂರನೇ ರ‍್ಯಾಂಪ್ ಅಂದ್ರೆ ಇದರ ರಿಪೇರಿನೇ. ಮಧ್ಯದ ಕಾಲಿಗೆ ನಟ್ ತಿರುಗಿಸಿ ಎತ್ತರ ಹೆಚ್ಚು ಕಮ್ಮಿ ಮಾಡೋ ಬೋಲ್ಟ್ ಪಾದ ಹಾಕಿ ತಳಕ್ಕೆ ದಪ್ಪ ರಬ್ಬರ್ ಬುಷ್ ಕೂರಿಸ್ದೆ. ಕೊಕ್ಕೆ ಮತ್ತು ಹೊಸ್ತಿಲ ನಡುವಿನ ಸಡಿಲಕ್ಕೆ ಸೈಕಲ್ ಟ್ಯೂಬ್ ಎರಡು ಸುತ್ತು. ಅಲ್ಯೂಮಿನಿಯಂ ಅಲ್ಯೂಮಿನಿಯಂ ತಾಗೋ ಸಂದಿಗೂ ಟ್ಯೂಬ್ ತುಂಡು. ಇದಕ್ಕೂ ಅಂಟಿಸಿದ್ದ ಕಾರ್ಪೆಟ್ ಕಿತ್ತು ಹಾಕಿದೆ, ಅದು ಹಲಗೆಗೆ ಅಂಟಿದ್ರೂ ಮೇಲಿನ ನೂಲು ಕಾಲಡಿ ಜರುಗ್ತಿತ್ತು. ಅದರ ಬದಲು ಉಬ್ಬು ಗೆರೆ ಇರೋ ರಬ್ಬರ್ ಶೀಟ್, ಗೆರೆ ಅಡ್ಡಕ್ಕೆ ಬರೋ ಹಾಗೆ. ಉಪ್ಪು ಕಾಗದ ಅಂಟಿಸಿದ್ರೆ ಹಿಡಿತ ಚೆನ್ನಾಗಿರುತ್ತೆ ಅಂತ ಒಬ್ಬರು ಹೇಳಿದ್ರು, ಬೇಡ, ಹಿಂಗಾಲು ಎಳೆದು ನಡಿಯೋ ನಾಯಿಗೆ ಅಂಗಾಲು ಉಜ್ಜಿ ಹೋಗುತ್ತೆ. ಎರಡೂ ಪಕ್ಕ ಎರಡಿಂಚು ಎತ್ತರದ ಪಟ್ಟಿ, ಅಂಚು ಇಲ್ಲಿದೆ ಅಂತ ಕಾಲಿಗೆ ಗೊತ್ತಾಗೋಕೆ. ಇಷ್ಟಾದ ಮೇಲೆ ಮಾರನೇ ಬೆಳಿಗ್ಗೆ ಜಗಲಿಗೆ ಹಾಕಿ ಚೂರು ಇಟ್ಟೆ. ಸಂದಿ ಹತ್ರ ಬಂದ, ನಿಂತ, ಬೆರಳು ಅಗಲಿಸಿ ಒತ್ತಿದ. ಕಾಯ್ದ. ಏನೂ ಆಗಲಿಲ್ಲ. ದಾಟಿದ.

ಇನ್ನು ಗಾಡಿ. ನಮ್ಮನೆ ಮುಂದೆ ಚರಂಡಿ ಮೇಲೆ ಹಾಕಿರೋ ಕಲ್ಲು ಚಪ್ಪಡಿ ರಸ್ತೆಗಿಂತ 7 ಇಂಚು ಎತ್ತರ. ಗಾಡಿನ ರಸ್ತೆಲಿ ನಿಲ್ಸಿ ಹಿಂಭಾಗ ಮನೆ ಕಡೆ ಮಾಡಿ ರ‍್ಯಾಂಪಿನ ಬುಡ ಆ ಚಪ್ಪಡಿ ಮೇಲೆ ಇಟ್ರೆ ಹತ್ತಬೇಕಾದ ಎತ್ತರ 22 ಇಂಚಿಗೆ ಇಳೀತು, ಇಳಿಜಾರು 15 ಡಿಗ್ರಿ. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ನಾನು. ಚೂರನ್ನ ಕೈಲಿ ಎತ್ತಿ ಹಿಡಿಯೋ ತಪ್ಪು ಇಲ್ಲೂ ಮಾಡಿದ್ದೆ, ತಲೆ ಮೇಲೆತ್ತಿದ್ರೆ ನಾಯಿ ಭಾರ ಹಿಂಗಾಲಿಗೆ ಹೋಗುತ್ತೆ, ಸೊಂಟ ಕುಸಿಯುತ್ತೆ. ಚೂರು ಹಲಗೆ ಮೇಲೇ ಇರಬೇಕು, ಮೂತಿ ಕೆಳಗೆ, ಒಂದಡಿಗೊಂದು. ಗಾಡಿ ಒಳಗೆ ಅವನ ಹಳೇ ಜಮಖಾನ ಹಾಸಿದ್ದೆ, ಅವನ ವಾಸನೆ ಇರಲಿ ಅಂತ. ಮೂರನೇ ದಿನ ಒಳಗೆ ಹೋಗಿ ಒಂದು ಸುತ್ತು ಹಾಕಿ ಜಮಖಾನದ ಮೇಲೆ ಕೂತ. ನಾನು ರಸ್ತೆಲಿ ನಿಂತು ಅಳೋದೊಂದು ಬಾಕಿ.

ಇಳಿಯೋದು ಇನ್ನೂ ಕಷ್ಟ, ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು. ನಾಯಿ ನಿಂತಿರೋವಾಗಲೇ ಸುಮಾರು 60 ಪರ್ಸೆಂಟ್ ಭಾರ ಮುಂಗಾಲಿನ ಮೇಲಿರುತ್ತೆ, ಇಳಿಜಾರಲ್ಲಿ ತಲೆ ಕೆಳಗಾದ್ರೆ ಇನ್ನೂ ಜಾಸ್ತಿ, ತಡ್ಕೊಳ್ಳೋಕಾಗ್ದೆ ಓಡಿಬಿಡ್ತಾನೆ, ಕೊನೇ ಎರಡಡಿ ಪಕ್ಕಕ್ಕೆ ನೆಗೀತಾನೆ. ನಾವು ಯಾವುದನ್ನ ತಪ್ಪಿಸೋಕೆ ಇಷ್ಟೆಲ್ಲಾ ಮಾಡಿದ್ವೋ ಅದೇ ನೆಗೆತ. ಅದಕ್ಕೆ ಜಗಲಿಗೆ ವಾಪಸ್ ಹೋಗಿ ಇಳಿಯೋದನ್ನ ಬುಡದಿಂದ ಕಲಿಸ್ದೆ, ಪಕ್ಕದಿಂದ ರ‍್ಯಾಂಪಿನ ಕೊನೇ ಎರಡಡಿ ಮೇಲೆ ಹತ್ತಿಸಿ, ಅಲ್ಲಿಂದ ಎರಡೇ ಹೆಜ್ಜೆ ಇಳಿಸೋದು, ನೆಲದ ಮೇಲೆ ಚೂರು. ಆಮೇಲೆ ಮೂರಡಿಯಿಂದ, ಆಮೇಲೆ ನಾಲ್ಕಡಿಯಿಂದ. ಕೊನೇ ಭಾಗ ಚಿರಪರಿಚಿತ ಆದ ಮೇಲೆ ಅವಸರ ತಾನಾಗೇ ಹೋಯ್ತು. ಹತ್ತೋದಕ್ಕಿಂತ ಇದಕ್ಕೆ ಎರಡರಷ್ಟು ದಿನ ಹಿಡೀತು.

ಏಪ್ರಿಲ್‌ನಲ್ಲಿ ಇನ್ನೊಂದು ಅಡ್ಡಿ. ಮಧ್ಯಾಹ್ನ ಒಂದ್ ಸಲ ಹತ್ತಿಸೋಕೆ ಹೋದ್ರೆ ಮುಂಗಾಲು ಇಟ್ಟ ತಕ್ಷಣ ಎತ್ಕೊಂಡ. ಅಭ್ಯಾಸದ ಪ್ರಕಾರ ಕೈ ಇಟ್ಟು ನೋಡಿದೆ, ಕಪ್ಪು ರಬ್ಬರ್ ಬಿಸಿಲಿಗೆ ಕಾದ ಹೆಂಚು ಆಗಿತ್ತು. ಅಂಗೈ ಹಿಂಭಾಗ ಏಳೆಂಟು ಸೆಕೆಂಡ್ ಇಡೋಕಾಗದಿದ್ರೆ ನಾಯಿನೂ ಕಾಲಿಡಬಾರ್ದು. ಈಗ ಒಂದು ಹಳೇ ಕಾಟನ್ ದುಪ್ಪಟಿ ನೆನೆಸಿ ಹಿಂಡಿ ಐದು ನಿಮಿಷ ರಬ್ಬರ್ ಮೇಲೆ ಹಾಕಿ, ತಣ್ಣಗಾದ ಮೇಲೆ ತೆಗೆದು, ಒರೆಸಿ ಹತ್ತಿಸ್ತೀನಿ.

ಏಪ್ರಿಲ್ ಮೂರನೇ ವಾರ ಹೆಬ್ಬಾಳಕ್ಕೆ ಹೋದ್ವಿ. ಬೆಳಿಗ್ಗೆ ಐದೂವರೆಗೆ ಹೊರಟಿದ್ದು, ಟ್ರಾಫಿಕ್ ಶುರುವಾಗೋಕೆ ಮುಂಚೆ ತಲುಪೋಣ ಅಂತ. ನೆಲಮಂಗಲ ಹತ್ರ ಒಂದ್ ಸಲ ಇಳಿಸಿ ನೀರು ಕುಡಿಸಿ ಹತ್ತಿಸಿದ್ವಿ. ಅಲ್ಲಿ ಚಪ್ಪಡಿ ಇಲ್ಲ, ಪೂರ್ತಿ 29 ಇಂಚಿನ ಎತ್ತರ, ಲಾರಿಗಳ ಹಾರ್ನ್ ಬೇರೆ. ಅವನು ಬುಡದಲ್ಲಿ ನಿಂತು ನನ್ನ ಕಡೆ ನೋಡ್ದ, ನಾನು ಏನೂ ಮಾತಾಡದೆ ಮಧ್ಯದ ಕಾಲಿನ ನಟ್ ಬಿಗಿ ಮಾಡಿ, ಹಲಗೆನ ಅಂಗೈಲಿ ಎರಡು ಸಲ ಒತ್ತಿ ತೋರಿಸ್ದೆ. ಹತ್ತಿದ. ಆಸ್ಪತ್ರೆ ಆವರಣದಲ್ಲೂ ತಾನಾಗೇ ಇಳಿದ, ಯಾರೂ ಎತ್ತಲಿಲ್ಲ.

ಎಕ್ಸ್‌ರೇಲಿ ಎರಡೂ ಕಡೆ ಡಿಸ್‌ಪ್ಲೇಸಿಯಾ ಇರೋದು ಖಚಿತ ಆಯ್ತು, ಎಡಗಡೆ ಜಾಸ್ತಿ. ಸದ್ಯಕ್ಕೆ ಆಪರೇಷನ್ ಬೇಡ, ಐದು ಕೆ.ಜಿ ತೂಕ ಇಳಿಸಿ, ಮಾತ್ರೆ ಮುಂದುವರಿಸಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ಲಿವರ್ ಚೂರು ಕಮ್ಮಿ ಮಾಡಿ ಈಗ ಬೇಯಿಸಿದ ಕ್ಯಾರೆಟ್, ಬೀನ್ಸ್ ಕೊಡ್ತಿದೀವಿ, ಅದಕ್ಕೂ ಹತ್ತುತ್ತಾನೆ. ರ‍್ಯಾಂಪಿನ ಕೆಳ ತುಂಡಲ್ಲಿ ರಬ್ಬರ್ ಶೀಟಿನ ಒಂದು ಮೂಲೆ ಎದ್ದಿದೆ, ನಿನ್ನೆ ಭೈರ ಅಲ್ಲಿಗೆ ಬಂದಾಗ ನಿಂತು ಮೂಸಿದ. ಭಾನುವಾರ ಕಿತ್ತು ಹೊಸದಾಗಿ ಅಂಟಿಸ್ಬೇಕು.